ಫೈರ್ ಗಾಡಿ ಬರುವ ಮೊದಲಿನ 40 ನಿಮಿಷ: ನಮ್ಮೂರಲ್ಲಿ ಮುಂದೆ ನಿಲ್ಲೋರು ಯಾರು?

ನಾಪೋಕ್ಲು ತೋಟದವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಕಳೆದ ಫೆಬ್ರವರಿಯಲ್ಲಿ ಇಲ್ಲಿ ಕೊಡಗಿನಲ್ಲಿ ನಮ್ಮ ಪಕ್ಕದ ಕಾಫಿ ತೋಟದ ಲೈನ್ ಮನೆಗೆ, ಅಂದರೆ ತೋಟದ ಕೆಲಸದವರು ಇರುವ ಸಾಲು ಮನೆಗೆ, ಬೆಂಕಿ ಬಿತ್ತು. ಸಂಜೆ ಆರೂವರೆ ಹೊತ್ತು. ಆರು ಮನೆಗಳ ಸಾಲು, ಹೆಂಚಿನ ಮಾಡು, ಅಟ್ಟದ ತುಂಬ ಸೌದೆ. ನಾನು ಓಡಿ ಹೋಗುವಷ್ಟರಲ್ಲಿ ಎರಡು ಮನೆ ಹತ್ತಿಕೊಂಡಿತ್ತು. ಸುಮಾರು ಐವತ್ತು ಜನ ಸೇರಿದ್ದೆವು. ಐವತ್ತು ಜನರೂ ಕೂಗುತ್ತಿದ್ದೆವು. ಒಬ್ಬರು ನೀರು ತನ್ನಿ ಅಂದರು, ಇನ್ನೊಬ್ಬರು ಮಣ್ಣು ಹಾಕಿ ಅಂದರು. ಮಾಡಿನ ಮೇಲೆ ಹತ್ತಿದವನು ಹೆಂಚು ಕಿತ್ತು ಎಸೆಯುತ್ತಿದ್ದ. ಅದು ಬೀಳುತ್ತಿದ್ದದ್ದು ಕೆಳಗೆ ಕೊಡ ಹಿಡಿದು ನಿಂತ ಹೆಂಗಸರ ಮಧ್ಯೆ.

ಫೈರ್‌ಗೆ ಫೋನ್ ಮಾಡಿದ್ದು ಯಾರು ಗೊತ್ತಾ? ಮೊದಲ 20 ನಿಮಿಷ ಯಾರೂ ಮಾಡಿರಲಿಲ್ಲ. ಬೇರೆ ಯಾರೋ ಮಾಡಿರುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ನಾನೂ ಸೇರಿ.

ಫೈರ್ ಇಂಜಿನ್ ಬಂತು. ಬಂದದ್ದು ತೋಟದ ಗೇಟಿನಲ್ಲೇ ನಿಂತಿತು. ಎರಡು ಕಲ್ಲುಕಂಬದ ಮಧ್ಯೆ ಜೀಪು ಹೋಗುತ್ತದೆ, ಟ್ರ್ಯಾಕ್ಟರ್ ಹೋಗುತ್ತದೆ, ಆ ಗಾಡಿ ಹೋಗಲಿಲ್ಲ. ಅವರು ಪೈಪಿಗೆ ಪೈಪು ಜೋಡಿಸಿಕೊಂಡು ಓಡಿ ಬಂದರು. ಅಷ್ಟರಲ್ಲಿ ನಾಲ್ಕನೇ ಮನೆಯ ಮಾಡು ಕುಸಿದಿತ್ತು.

ಇದಕ್ಕಿಂತ ನನ್ನನ್ನು ಕಾಡುವುದು ಬೇರೆ. ಅಲ್ಲಿನ ಹದಿನೇಳು ವರ್ಷದ ಹುಡುಗನೊಬ್ಬ ಸಿಲಿಂಡರ್ ತರುತ್ತೇನೆ ಅಂತ ಒಳಗೆ ನುಗ್ಗಿದ, ತಂದ. ಜನ ಶಭಾಷ್ ಅಂದರು. ಆಮೇಲೆ ಬಟ್ಟೆ ಪೆಟ್ಟಿಗೆ ತರಲು ಹೋದ. ಮೂರನೇ ಸಲ ಕೋಳಿ ಬಿಡಲು ಹೋದವನು ಹೊರಗೆ ಬರಲಿಲ್ಲ. ಇಬ್ಬರು ಹೋಗಿ ಎಳೆದು ತಂದರು. ಉಳಿದ, ದೇವರು ದೊಡ್ಡವನು. ಆದರೆ ಐವತ್ತು ಜನರಲ್ಲಿ ಒಬ್ಬರಿಗೂ ‘ಸಾಕು, ಇನ್ನು ಯಾರೂ ಒಳಗೆ ಹೋಗಬೇಡಿ’ ಅನ್ನುವ ಅಧಿಕಾರ ಇರಲಿಲ್ಲ.

ಈಗ ಊರಲ್ಲಿ ‘ನಮ್ಮ ಹೋಬಳಿಗೇ ಒಂದು ಫೈರ್ ಇಂಜಿನ್ ಬೇಕು’ ಅಂತ ಮನವಿ ತಯಾರಾಗಿದೆ. ನಾನೂ ಸಹಿ ಹಾಕಿದ್ದೇನೆ. ಹಾಕಿದ ಮೇಲೆ ಅನಿಸಿತು, ನಮಗೆ ಬೇಕಿರುವುದು ಗಾಡಿಯೊಂದೇನಾ? ಗೊತ್ತಿದ್ದವರು ಹೇಳಿ.

ಪೊನ್ನಂಪೇಟೆ ಹುಡುಗ

ಅಣ್ಣ, ಗಾಡಿ ಬೇಕೇ ಬೇಕು. ಜೊತೆಗೆ ಡ್ರೋನ್, ಥರ್ಮಲ್ ಕ್ಯಾಮೆರಾ, ಒಂದು ಆ್ಯಪ್. ಬೆಂಕಿ ಬಿದ್ದ ಕೂಡಲೇ ಸುತ್ತ ಐದು ಕಿಲೋಮೀಟರ್‌ನ ಎಲ್ಲರ ಮೊಬೈಲ್‌ಗೆ ಅಲಾರಂ ಹೋಗಬೇಕು. 2023ರಲ್ಲೇ ಕೇಂದ್ರ ಸರ್ಕಾರ ರಾಜ್ಯಗಳ ಅಗ್ನಿಶಾಮಕ ಸೇವೆ ವಿಸ್ತರಿಸಲು, ಆಧುನಿಕ ಮಾಡಲು 5,000 ಕೋಟಿ ರೂಪಾಯಿಯ ಯೋಜನೆ ತಂದಿದೆ. ಕೇಳಿ ಪಡೆಯಬೇಕು ಅಷ್ಟೆ.

ಸೋಮವಾರಪೇಟೆ ಕಡೆಯವನು

ತಮ್ಮ, ಆ ಅಲಾರಂ ಬಂದರೆ ಐವತ್ತರ ಬದಲು ಐನೂರು ಜನ ಬರುತ್ತಾರೆ. ಅದರಲ್ಲಿ ನಾನೂರು ಜನ ವಿಡಿಯೋ ಮಾಡಲು.

ಹಳೇ ಫೈರ್‌ಮ್ಯಾನ್, ಕುಶಾಲನಗರ

31 ವರ್ಷ ಇಲಾಖೆಯಲ್ಲಿದ್ದು ನಿವೃತ್ತನಾದವನು ನಾನು. ನಾಲ್ಕು ಜಿಲ್ಲೆ ನೋಡಿದ್ದೇನೆ. ತೋಟದವರು ಬರೆದಿದ್ದನ್ನು ಎರಡು ಸಲ ಓದಿದೆ. ಗಾಡಿಯ ವಿಷಯ ಆಮೇಲೆ. ಮೊದಲು ಒಂದು ಪ್ರಶ್ನೆ. ಫೆಬ್ರವರಿ ಅಂದರೆ ಕಾಫಿಗೆ ಸ್ಪ್ರಿಂಕ್ಲರ್ ಹಾಕುವ ಕಾಲ. ಆ ತೋಟದ ಪಂಪು ಅವತ್ತು ಎಲ್ಲಿತ್ತು?

ನಾಪೋಕ್ಲು ತೋಟದವ

ಸಾರ್... ಕೆರೆ ದಡದಲ್ಲೇ ಇತ್ತು. ಡೀಸೆಲ್ ಪಂಪು. ಲೈನ್ ಮನೆಯಿಂದ ಹೆಚ್ಚೆಂದರೆ ನೂರೈವತ್ತು ಮೀಟರ್. ಪೈಪು ಕೂಡ ಪಕ್ಕದ ಬ್ಲಾಕಿನಲ್ಲೇ ಹಾಸಿತ್ತು. ಈಗ ನೀವು ಕೇಳಿದ ಮೇಲೆ ನೆನಪಾಗುತ್ತಿದೆ. ಅವತ್ತು ಒಬ್ಬರಿಗೂ ಹೊಳೆಯಲಿಲ್ಲ. ಕೊಡದಲ್ಲಿ ನೀರು ಹೊತ್ತೆವು.

ಹಳೇ ಫೈರ್‌ಮ್ಯಾನ್, ಕುಶಾಲನಗರ

ಹೊಳೆಯುವುದಿಲ್ಲ. ನಿಮ್ಮ ತಪ್ಪಲ್ಲ ಅದು. ಕೊಡ ಹಿಡಿದವನ ಕಣ್ಣು ಬೆಂಕಿಯ ಮೇಲೆ ಇರುತ್ತದೆ, ಕೆರೆಯ ಮೇಲಲ್ಲ. ಅದಕ್ಕೇ ಒಬ್ಬ ಮನುಷ್ಯ ಕೈಯಲ್ಲಿ ಏನನ್ನೂ ಹಿಡಿಯದೆ ಹತ್ತು ಹೆಜ್ಜೆ ಹಿಂದೆ ನಿಲ್ಲಬೇಕು. ನನಗೆ ಕೆಲಸ ಕಲಿಸಿದ ಠಾಣಾಧಿಕಾರಿ ಪೈಪು ಮುಟ್ಟುತ್ತಿರಲಿಲ್ಲ. ಹೊಸದರಲ್ಲಿ ನಾವು ಅವರನ್ನು ಸೋಮಾರಿ ಅಂದುಕೊಂಡಿದ್ದೆವು. ಇಳಿದ ಕೂಡಲೇ ಕಟ್ಟಡದ ಸುತ್ತ ಒಂದು ಸುತ್ತು ಹಾಕಿ ಬರುತ್ತಿದ್ದರು. ಅವಸರವೇ ಇಲ್ಲ. ಬಂದು ಮೂರೇ ಮಾತು ಕೇಳುತ್ತಿದ್ದರು: ಒಳಗೆ ಯಾರಿದ್ದಾರೆ, ಏನು ಉರಿಯುತ್ತಿದೆ, ನೀರು ಎಲ್ಲಿಂದ. ಆ ಒಂದು ಸುತ್ತಿನಲ್ಲಿ ಹಿಂದಿನ ಬಾಗಿಲು, ಕರೆಂಟ್ ಮೀಟರ್, ಸಿಲಿಂಡರ್ ಎಲ್ಲ ಅವರ ತಲೆಯಲ್ಲಿ ಕೂತಿರುತ್ತಿತ್ತು.

ನೀರಿನ ಲೆಕ್ಕ ಹೇಳುತ್ತೇನೆ ಕೇಳಿ. ನಮ್ಮ ಸಾಮಾನ್ಯ ಗಾಡಿಯಲ್ಲಿ 4,500 ಲೀಟರ್ ನೀರು ಇರುತ್ತದೆ. ಒಂದೇ ಪೈಪಿನಲ್ಲಿ ಚೆನ್ನಾಗಿ ಬಿಟ್ಟರೆ ಹತ್ತು ನಿಮಿಷ. ಆಮೇಲೆ ಗಾಡಿ ಖಾಲಿ ಡಬ್ಬ. ಮತ್ತೆ ತುಂಬಿಸಲು ಕೆರೆಗೋ ಹೊಳೆಗೋ ಹೋಗಬೇಕು. ಪೇಟೆಯಲ್ಲಾದರೆ ಟ್ಯಾಂಕರ್ ತರಿಸಬಹುದು, ತೋಟದಲ್ಲಿ ಎಲ್ಲಿಂದ? ನಿಮ್ಮ ಕೆರೆ, ನಿಮ್ಮ ಪಂಪು, ಅದೇ ನಿಜವಾದ ಫೈರ್ ಇಂಜಿನ್. ಪೈಪಿನ ತುದಿಗೆ ಕೈಯಲ್ಲಿ ಹಿಡಿಯುವ ನಳಿಕೆ ಒಂದನ್ನು ವರ್ಕ್‌ಶಾಪಿನಲ್ಲಿ ಮಾಡಿಸಿಟ್ಟುಕೊಳ್ಳಿ. ನಿಮ್ಮ ಪೈಪಿನ ಕಪ್ಲಿಂಗ್ ನಮ್ಮದಕ್ಕೆ ಕೂರುವುದಿಲ್ಲ. ಒಂದು ಸಲ ಪೈಪಿನ ತುಂಡು ಹಿಡಿದು ಹತ್ತಿರದ ಠಾಣೆಗೆ ಹೋಗಿ, ಎರಡನ್ನೂ ಜೋಡಿಸುವ ಅಡಾಪ್ಟರ್ ಅಳತೆ ತಗೊಳ್ಳಿ. ಹುಡುಗರು ಖುಷಿಯಿಂದ ತೋರಿಸುತ್ತಾರೆ.

ಇನ್ನೊಂದು. ಪಂಪು ಕೆರೆಯಿಂದ ಎಷ್ಟು ಮೇಲಿದ್ದರೂ ನೀರು ಎಳೆಯುತ್ತದೆ ಅಂತ ತಿಳಿಯಬೇಡಿ. ಲೆಕ್ಕಕ್ಕೆ 10 ಮೀಟರ್ ಅನ್ನುತ್ತಾರೆ, ಅದು ಸಮುದ್ರ ಮಟ್ಟದಲ್ಲಿ. ಕೆಲಸದಲ್ಲಿ 7 ಸಿಕ್ಕರೆ ಪುಣ್ಯ. ನಮ್ಮ ಮಡಿಕೇರಿಯಷ್ಟು ಎತ್ತರದಲ್ಲಿ ಗಾಳಿಯ ಒತ್ತಡವೇ ಕಡಿಮೆ, ಇನ್ನೂ ಒಂದು ಮೀಟರ್ ಕಳೆಯಿರಿ. ಬೇಸಿಗೆಯಲ್ಲಿ ಕೆರೆ ಇಳಿದಾಗ ಪಂಪನ್ನೂ ಕೆಳಗಿಳಿಸಬೇಕು.

ನಿವೃತ್ತ ಸುಬೇದಾರ್, ವಿರಾಜಪೇಟೆ

ಫೈರ್‌ಮ್ಯಾನ್ ಸಾಹೇಬರ ಮಾತು ನೂರಕ್ಕೆ ನೂರು ಸರಿ. ಸೈನ್ಯದಲ್ಲೂ ಇದೇ. ಕೊಡಗಿನಲ್ಲಿ ಪ್ರತಿ ಊರಿಗೂ ಇಬ್ಬರು ಮೂವರು ಮಾಜಿ ಸೈನಿಕರು ಇದ್ದಾರೆ. ಅವರ ಕೈಗೆ ಕೊಡಿ. ಒಬ್ಬ ಹೇಳಿದರೆ ನೂರು ಜನ ಕೇಳಬೇಕು. ಶಿಸ್ತು ಇಲ್ಲದ್ದೇ ಸಮಸ್ಯೆ.

ಹಳೇ ಫೈರ್‌ಮ್ಯಾನ್, ಕುಶಾಲನಗರ

ಸುಬೇದಾರ್ ಸಾರ್, ಗೌರವದಿಂದಲೇ ಒಂದು ಮಾತು. ನೂರು ಜನಕ್ಕೆ ಒಬ್ಬ ಹೇಳಲು ಆಗುವುದಿಲ್ಲ. ನಮ್ಮ ತರಬೇತಿಯಲ್ಲಿ ಒಬ್ಬನ ಕೆಳಗೆ ಮೂರರಿಂದ ಏಳು ಜನ, ಐದಾದರೆ ಒಳ್ಳೆಯದು ಅಂತ ಇತ್ತು. ಎಂಟನೆಯವನು ಬಂದ ಅಂದರೆ ಇನ್ನೊಬ್ಬ ಮುಖ್ಯಸ್ಥ ಬೇಕು ಅಂತಲೇ ಅರ್ಥ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರಲ್ಲಿ ದೊಡ್ಡ ಕಾಡ್ಗಿಚ್ಚು ಬಿದ್ದಾಗ ಹತ್ತಾರು ಇಲಾಖೆ ಬಂದವು, ಒಬ್ಬರ ರೇಡಿಯೋ ಇನ್ನೊಬ್ಬರಿಗೆ ಕೇಳದು, ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಆ ಗೊಂದಲದಿಂದಲೇ ಈ ಪದ್ಧತಿ ಹುಟ್ಟಿತು. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವೂ 2010ರಲ್ಲಿ ಇದನ್ನು ನಮ್ಮ ದೇಶಕ್ಕೆ ಹೊಂದಿಸಿ ಮಾರ್ಗಸೂಚಿ ಮಾಡಿದೆ. ಜಿಲ್ಲೆಗೆ ಡಿಸಿ ಮುಖ್ಯ. ಆದರೆ ಡಿಸಿ ಬರುವ ತನಕ ಬೆಂಕಿ ಕಾಯುವುದಿಲ್ಲ ಅಲ್ವಾ? ಮೊದಲು ಬಂದವನೇ ಮುಖ್ಯಸ್ಥ. ದೊಡ್ಡವರು ಬಂದ ಮೇಲೆ ಇಲ್ಲಿಯವರೆಗೆ ಏನಾಗಿದೆ, ಯಾರು ಎಲ್ಲಿದ್ದಾರೆ ಅಂತ ಹೇಳಿ ಒಪ್ಪಿಸಬೇಕು. ಒಪ್ಪಿಸದೆ ಕೈ ಬದಲಾದರೆ ಅಲ್ಲೇ ಜನ ಸಾಯುವುದು.

ಇನ್ನೂ ಒಂದು ಇದೆ. ಗದರಿಸಿ ಹೇಳುವವನೇ ನಾಯಕ ಅನ್ನುವುದು ನಮ್ಮ ಇಲಾಖೆಯಲ್ಲೂ ಇತ್ತು. ಒಂದು ಊರಲ್ಲಿ ಗೋದಾಮಿಗೆ ಬೆಂಕಿ. ನನಗೆ ಇಪ್ಪತ್ತೈದು ವಯಸ್ಸು. ಗೋಡೆ ಸ್ವಲ್ಪ ಹೊರಗೆ ವಾಲಿದ್ದು ನನಗೆ ಕಂಡಿತು. ಹೇಳಿದರೆ ಹೆದರುಪುಕ್ಕಲ ಅನ್ನುತ್ತಾರೆ ಅಂತ ಸುಮ್ಮನಿದ್ದೆ. ಎರಡು ನಿಮಿಷದಲ್ಲಿ ಬಿತ್ತು. ಇಬ್ಬರಿಗೆ ಕಾಲು ಮುರಿಯಿತು. ಅವರಲ್ಲಿ ಒಬ್ಬ ಇವತ್ತಿಗೂ ಕುಂಟುತ್ತಾನೆ, ಮದುವೆ ಮನೆಯಲ್ಲಿ ಸಿಗುತ್ತಾನೆ, ನನಗೆ ಮುಖ ಎತ್ತಿ ಮಾತಾಡಿಸಲು ಆಗುವುದಿಲ್ಲ. ಕೆಳಗಿನವನು ಬಾಯಿ ಬಿಟ್ಟು ‘ಸಾರ್, ಗೋಡೆ’ ಅನ್ನುವ ಹಾಗಿರಬೇಕು. ಅಂಥ ವಾತಾವರಣ ಮಾಡಿದವನೇ ನನ್ನ ಲೆಕ್ಕದಲ್ಲಿ ಅಧಿಕಾರಿ.

ನಿವೃತ್ತ ಸುಬೇದಾರ್, ವಿರಾಜಪೇಟೆ

ಒಪ್ಪಿದೆ. ನಮ್ಮಲ್ಲೂ ಸೆಕ್ಷನ್ ಅಂದರೆ ಹತ್ತೇ ಜನ. ನೂರು ಅಂತ ಬಾಯಿಗೆ ಬಂತು.

ಮಕ್ಕಂದೂರು ಕಡೆಯವಳು

ನಾನು ಬೆಂಕಿ ಬಗ್ಗೆ ಹೇಳಲಾರೆ. 2018ರ ಆಗಸ್ಟ್‌ನಲ್ಲಿ ಮಳೆಗೆ ಗುಡ್ಡ ಜಾರಿದ್ದನ್ನು ನೋಡಿದವಳು. ಸೇನೆ, ಎನ್‌ಡಿಆರ್‌ಎಫ್ ಎಲ್ಲ ಬಂದರು, ಅವರ ಋಣ ದೊಡ್ಡದು. ಆದರೆ ಅವರು ನಮ್ಮ ತನಕ ತಲುಪಲು ರಸ್ತೆಯೇ ಇರಲಿಲ್ಲ. ಕರೆಂಟಿಲ್ಲ, ಫೋನಿಲ್ಲ. ಮೊದಲು ಬಂದದ್ದು ಪಕ್ಕದ ಮನೆಯ ಹುಡುಗರು, ಕೈಯಲ್ಲಿ ದನ ಕಟ್ಟುವ ಹಗ್ಗ.

ನಮ್ಮ ಮನೆಯಲ್ಲಿ ನನ್ನ ಅತ್ತೆ ಹಿಂದಿನ ದಿನವೇ ಹೇಳಿದ್ದರು, ಒರತೆಯ ನೀರು ಕೆಂಪಾಗಿದೆ, ಹೊರಡೋಣ ಅಂತ. ನಾವು ಗಂಡಸರು ಬರಲಿ ಅಂತ ಕಾದೆವು. ಒರತೆ ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು, ಹರಿಯುತ್ತಿದ್ದ ತೋಡು ಮಳೆಯಲ್ಲೇ ನಿಂತುಹೋಗುವುದು, ನೆಟ್ಟಗಿದ್ದ ಸಿಲ್ವರ್ ಓಕ್ ವಾಲುವುದು, ಅಂಗಳದಲ್ಲಿ ಬಿರುಕು. ಇಷ್ಟು ಕಂಡರೆ ಯಾರ ಅಪ್ಪಣೆಗೂ ಕಾಯಬೇಡಿ. ನಾಯಕತ್ವ ಅಂತ ದೊಡ್ಡ ಮಾತು ಆಡುತ್ತೀರಲ್ಲ, ನನಗೆ ಅದು ಅತ್ತೆಯ ಮಾತು ಕೇಳುವುದು.

ಹಳೇ ಫೈರ್‌ಮ್ಯಾನ್, ಕುಶಾಲನಗರ

ಅಕ್ಕ, ನಿಮ್ಮ ಅತ್ತೆಯವರಿಗೆ ನಮಸ್ಕಾರ ಹೇಳಿ.

ಗುಡ್ಡ ಒಮ್ಮೆ ಜಾರಿದರೆ ಮತ್ತೆ ಜಾರುತ್ತದೆ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜಾರಿದಾಗ ಹುಡುಕಾಟ ದಿನಗಟ್ಟಲೆ ಯಾಕೆ ಹಿಡಿಯಿತು ಅಂತ ಎಷ್ಟೋ ಜನ ಬೈದರು. ಆ ಮಳೆಯಲ್ಲಿ, ಮಂಜಿನಲ್ಲಿ, ಮೇಲಿನ ಮಣ್ಣು ಇನ್ನೂ ನೇತಾಡುತ್ತಿರುವಾಗ ಹುಡುಗರನ್ನು ಕಳಿಸಿ ಅಂತ ಹೇಳುವುದು ಸುಲಭ. ಅಗೆಯುವವರ ಹಿಂದೆ ಒಬ್ಬ ಮೇಲಿನ ಗುಡ್ಡವನ್ನೇ ನೋಡುತ್ತ ಸೀಟಿ ಹಿಡಿದು ನಿಂತಿರಬೇಕು. ಅವನಿಗೆ ಬೇರೆ ಕೆಲಸ ಕೊಡಬಾರದು. ಸೀಟಿ ಊದಿದರೆ ಎಲ್ಲ ಬಿಟ್ಟು ಮೊದಲೇ ತೋರಿಸಿಟ್ಟ ಕಡೆಗೆ ಓಡಬೇಕು. ಹತ್ತು ರೂಪಾಯಿಯ ಸೀಟಿ.

ಆಂಬುಲೆನ್ಸ್ ಸಿಸ್ಟರ್

ಇಷ್ಟು ಹೊತ್ತು ಓದುತ್ತಿದ್ದೆ. ನಾನು ಕೆಲವು ವರ್ಷ ಒಂದು ಖಾಸಗಿ ಆಂಬುಲೆನ್ಸ್‌ನಲ್ಲಿ ನರ್ಸ್ ಆಗಿದ್ದೆ. ಯಾವುದು ಅಂತ ಹೇಳಲ್ಲ. ಪಾಳಿ ಹನ್ನೆರಡು ಗಂಟೆ, ಬದಲಿ ಬರದಿದ್ದರೆ ಇಪ್ಪತ್ತನಾಲ್ಕು. ಒಂದು ರಾತ್ರಿ ಮೈಸೂರಿಗೆ ರೋಗಿಯನ್ನು ಬಿಟ್ಟು ವಾಪಸ್ ಬರುವಾಗ ನಮ್ಮ ಡ್ರೈವರ್ ಅಣ್ಣ ಕಣ್ಣು ಮುಚ್ಚಿಬಿಟ್ಟರು. ಗಾಡಿ ಚರಂಡಿಗೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ಮರುದಿನ ಮೇಲಿನವರು ಕೇಳಿದ ಮೊದಲ ಪ್ರಶ್ನೆ, ಬಂಪರ್ ಎಷ್ಟು ಹೋಗಿದೆ? ಆ ತಿಂಗಳೇ ಬಿಟ್ಟೆ.

ಹೊಸ ಗಾಡಿ ಕೊಟ್ಟು ಹಳೇ ಪಾಳಿ ಇಟ್ಟರೆ ಏನು ಉಪಯೋಗ? ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಂಗಳೂರಿಗೆ ಘಾಟಿ ಇಳಿಯಬೇಕು. 2019ರಲ್ಲಿ ಕೊಡಗಿಗೆ ತುರ್ತು ಆಸ್ಪತ್ರೆ ಬೇಕು ಅಂತ ನಾವೆಲ್ಲ ಟ್ವಿಟರ್‌ನಲ್ಲಿ ಕೂಗಿದ್ದು ಸುಮ್ನೆ ಅಲ್ಲ. ಮಿದುಳಿಗೆ ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆದವರಿಗೆ ಅದನ್ನು ಕರಗಿಸುವ ಚುಚ್ಚುಮದ್ದಿಗೆ ಇರುವ ಸಮಯ ನಾಲ್ಕೂವರೆ ಗಂಟೆ. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಬಾಯಿ ಸೊಟ್ಟಗಾದದ್ದನ್ನು ‘ಗಾಳಿ ಹಿಡಿದಿದೆ, ಬೆಳಿಗ್ಗೆ ನೋಡೋಣ’ ಅಂದರೆ ಆ ನಾಲ್ಕೂವರೆ ಗಂಟೆ ಮನೆಯಲ್ಲೇ ಮುಗಿದಿರುತ್ತದೆ.

ಇನ್ನು ವಿಳಾಸ. ನಮ್ಮ ಜನ ಫೋನಿನಲ್ಲಿ ಮನೆತನದ ಹೆಸರು ಹೇಳುತ್ತಾರೆ. ಊರಿನವರಿಗೆ ಅದು ಸಾಕು. 108ಕ್ಕೆ ಮಾಡಿದರೆ ಫೋನ್ ಎತ್ತುವವರು ಬೆಂಗಳೂರಿನಲ್ಲಿ ಕೂತಿರುತ್ತಾರೆ, ಅವರಿಗೆ ಹೇಗೆ ಗೊತ್ತಾಗಬೇಕು? ತಾಲೂಕು, ಊರು, ಹತ್ತಿರದ ಬಸ್ ಸ್ಟಾಪು ಅಥವಾ ಶಾಲೆ, ಅಲ್ಲಿಂದ ಎಡವೋ ಬಲವೋ. ಇದನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ಗಾಬರಿಯಲ್ಲಿ ಸ್ವಂತ ಊರಿನ ಹೆಸರೇ ಬಾಯಿಗೆ ಬರುವುದಿಲ್ಲ, ನಾನು ಕೇಳಿದ್ದೇನೆ. ಮತ್ತೆ ಒಬ್ಬನನ್ನು ಟಾರ್ಚು ಕೊಟ್ಟು ತಿರುವಿಗೆ ಕಳಿಸಿ. ಮಂಜಿನಲ್ಲಿ ಒಂದು ತಿರುವು ತಪ್ಪಿ ಕಾಲು ಗಂಟೆ ಸುತ್ತಿದ್ದೇವೆ.

ಪೊನ್ನಂಪೇಟೆ ಹುಡುಗ

ಲೊಕೇಶನ್ ಕಳಿಸಿದರೆ ಆಯಿತಲ್ಲ ಅಕ್ಕ?

ಆಂಬುಲೆನ್ಸ್ ಸಿಸ್ಟರ್

ಕಳಿಸು ತಮ್ಮ. ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿ ಕಳಿಸು. ಆಗ ಲೊಕೇಶನ್ ಗುಡ್ಡದ್ದು ಬರುತ್ತದೆ, ರೋಗಿ ಕೆಳಗಿರುತ್ತಾರೆ.

ಸೋಮವಾರಪೇಟೆ ಕಡೆಯವನು

ನಗು ಬಂತು, ಆದರೆ ನಮ್ಮ ಮನೆಯ ಕತೆ ಇದೇ.

ಸಿಸ್ಟರ್, ಹಾವಿನ ಬಗ್ಗೆ ಹೇಳಿ. ಕಾಫಿ ಕುಯ್ಯುವಾಗ ವರ್ಷಕ್ಕೆ ಒಂದಾದರೂ ಆಗುತ್ತದೆ.

ಆಂಬುಲೆನ್ಸ್ ಸಿಸ್ಟರ್

ಬಿಗಿಯಾಗಿ ಕಟ್ಟಬೇಡಿ, ಕುಯ್ಯಬೇಡಿ, ಬಾಯಲ್ಲಿ ಎಳೆಯಬೇಡಿ. ಉಂಗುರ, ಬಳೆ ತೆಗೆಯಿರಿ, ಆಮೇಲೆ ಊದಿಕೊಳ್ಳುತ್ತದೆ. ಕಚ್ಚಿದ ಕೈಯೋ ಕಾಲೋ ಅಲ್ಲಾಡದ ಹಾಗೆ ಕೋಲು ಇಟ್ಟು ಸಡಿಲವಾಗಿ ಕಟ್ಟಿ, ಹೊತ್ತುಕೊಂಡು ಗಾಡಿಗೆ ತನ್ನಿ. ನಡೆಸಬೇಡಿ. ಹಾವು ಹಿಡಿಯಲು ಹೋಗಿ ಎರಡನೆಯವರು ಕಚ್ಚಿಸಿಕೊಳ್ಳುವುದು ಬೇಡ. ದೂರದಿಂದ ಫೋಟೋ ಸಿಕ್ಕರೆ ಸಾಕು.

ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷ ನಾಲ್ಕು ಹಾವಿಗೆ ಮಾಡಿದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ನಮ್ಮ ತೋಟದ ತರಗೆಲೆಯಲ್ಲಿ, ಮೆಣಸಿನ ಬಳ್ಳಿಯಲ್ಲಿ ಕೂರುವ ಗುಳಿಮಂಡಲ ಆ ಪಟ್ಟಿಯಲ್ಲಿ ಇಲ್ಲ. ಕಾಳಿಂಗವೂ ಇಲ್ಲ. ಅದಕ್ಕೇ ಡಾಕ್ಟರು ‘ಸ್ವಲ್ಪ ನೋಡೋಣ’ ಅಂದಾಗ ಜಗಳ ಮಾಡಬೇಡಿ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಕೇಸನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ಲೆಕ್ಕ ಸಿಕ್ಕರೆ ಯಾವ ತಾಲೂಕಿಗೆ ಎಷ್ಟು ಔಷಧಿ ಅಂತ ಗೊತ್ತಾಗುತ್ತದೆ. ಇದನ್ನೂ ಆಧುನಿಕ ಮಾಡುವುದು ಅಂತಲೇ ನಾನು ಲೆಕ್ಕ ಹಾಕುತ್ತೇನೆ, ಡ್ರೋನ್ ಒಂದೇ ಅಲ್ಲ.

ಲೈನ್ ಮನೆಯಿಂದ, ಸಿದ್ದಾಪುರ

ಎಲ್ಲರೂ ಒಳ್ಳೆಯದೇ ಬರೆದಿದ್ದೀರಿ. ಒಂದು ಕೇಳಬಹುದಾ?

ನಾನು ಹುಟ್ಟಿದ್ದು ಲೈನ್ ಮನೆಯಲ್ಲಿ, ಈಗಲೂ ಅಲ್ಲೇ ಇದ್ದೇನೆ. ಮೇಲೆ ತೋಟದವರು ಐವತ್ತು ಜನ ಅಂದರಲ್ಲ, ಅದರಲ್ಲಿ ನಲವತ್ತು ಜನ ನಮ್ಮಂಥವರೇ ಇರುತ್ತಾರೆ. ರಾತ್ರಿ ತೋಟದಲ್ಲಿ ಇರುವುದು ನಾವು. ಮಾಲೀಕರು ಮಡಿಕೇರಿಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಮತ್ತೆ ತಂಡಕ್ಕೆ ಸುಬೇದಾರ್ ಬೇಕು, ಮಾಲೀಕರು ಬೇಕು, ನಾವು ಯಾಕೆ ಬೇಡ? ಪಂಪು ದಿನಾ ಸ್ಟಾರ್ಟ್ ಮಾಡುವುದು ನನ್ನ ಗಂಡ. ಆ ಡೀಸೆಲ್ ಪಂಪಿನ ಕೀಲಿ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಇರುತ್ತದೆ. ರೈಟರ್ ಆರು ಗಂಟೆಗೆ ಮನೆಗೆ ಹೋಗುತ್ತಾರೆ.

ನಮ್ಮ ಮನೆಗೆ ಬಾಗಿಲು ಒಂದೇ. ಅಡುಗೆ ಒಲೆ ಆ ಬಾಗಿಲ ಪಕ್ಕ. ಬೆಂಕಿ ಬಿದ್ದರೆ ಹೊರಗೆ ಬರುವುದು ಬೆಂಕಿಯ ಮೇಲಿಂದಲೇ. ಪಕ್ಕದ ಎರಡು ಮನೆಯಲ್ಲಿ ಅಸ್ಸಾಮಿನವರು ಇದ್ದಾರೆ. ಅವರಿಗೆ ‘ಹೊರಗೆ ಬನ್ನಿ’ ಅಂತ ಕನ್ನಡದಲ್ಲಿ ಹೇಳಿದರೆ ಅರ್ಥ ಆಗುತ್ತದೆ, ‘ಮೇನ್ ಆಫ್ ಮಾಡಿ’ ಅಂದರೆ ಆಗುವುದಿಲ್ಲ. ಇದನ್ನೆಲ್ಲ ಯಾರಾದರೂ ಬಂದು ನೋಡಿದ್ದಾರಾ?

ಆ ಹುಡುಗ ಸಿಲಿಂಡರ್ ತರಲು ಯಾಕೆ ಹೋದ ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ಸಿಲಿಂಡರ್ ಹೋದರೆ ಮತ್ತೆ ಡೆಪಾಸಿಟ್ ಕಟ್ಟಬೇಕು. ಪೆಟ್ಟಿಗೆಯಲ್ಲಿ ಆಧಾರ್, ರೇಷನ್ ಕಾರ್ಡು ಇರುತ್ತದೆ. ಅವನು ಧೈರ್ಯ ತೋರಿಸಲು ಹೋಗಿದ್ದಲ್ಲ.

ನಾಪೋಕ್ಲು ತೋಟದವ

ಅಕ್ಕ, ನಿಜ. ನಾನು ಪೆಟ್ಟಿಗೆ ಅಂತ ಬರೆದೆ, ಒಳಗೆ ಏನಿತ್ತು ಅಂತ ಕೇಳಿಯೇ ಇರಲಿಲ್ಲ. ಇವತ್ತು ಆ ಹುಡುಗನ ತಾಯಿಯನ್ನು ಕೇಳಿದೆ. ನೀವು ಹೇಳಿದ್ದೇ ಇತ್ತು. ಅವನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಕೂಡ.

ಕೀಲಿಯ ವಿಷಯ ನಮ್ಮಲ್ಲೂ ಅದೇ. ನಾಳೆಯಿಂದ ಒಂದು ಕೀಲಿ ಲೈನ್ ಮನೆಯ ಗೋಡೆಯಲ್ಲಿ ಇರುತ್ತದೆ.

ಹಳೇ ಫೈರ್‌ಮ್ಯಾನ್, ಕುಶಾಲನಗರ

ಈ ಅಕ್ಕನನ್ನು ತಂಡಕ್ಕೆ ಮೊದಲು ಸೇರಿಸಿಕೊಳ್ಳಿ. ಮುಖ್ಯಸ್ಥೆಯಾಗಿಯೇ ಮಾಡಿ ಅಂತ ನನ್ನ ಮಾತು.

ಹೊಗೆಯ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಸುಟ್ಟು ಸಾಯುವವರಿಗಿಂತ ಹೊಗೆಯಲ್ಲಿ ಸಾಯುವವರು ಜಾಸ್ತಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಅದು ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆ ಹುಡುಗ ಎರಡು ಸಲ ಆರಾಮಾಗಿ ಬಂದ, ಮೂರನೇ ಸಲ ಕುಸಿದ. ಅದು ಹಾಗೇ, ಒಳಗೆ ಸೇರುತ್ತ ಹೋಗುತ್ತದೆ. ಒದ್ದೆ ಬಟ್ಟೆ ಮೂಗಿಗೆ ಕಟ್ಟಿದರೆ ಮಸಿ ತಡೆಯಬಹುದು, ಈ ಅನಿಲ ತಡೆಯುವುದಿಲ್ಲ. ನಾವು ಉಸಿರಾಡುವ ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿ ಹೋಗುತ್ತೇವೆ, ಅದೂ ಕಷ್ಟದ ಕೆಲಸದಲ್ಲಿ ಅರ್ಧ ಗಂಟೆ ಬಂದರೆ ಹೆಚ್ಚು. ಇಬ್ಬರಾಗಿಯೇ ಹೋಗಬೇಕು, ಹೊರಗೆ ಒಬ್ಬ ಹೆಸರು, ಹೋದ ಸಮಯ ಬರೆದುಕೊಂಡು ನಿಂತಿರಬೇಕು.

ಗ್ಯಾಸ್ ಸೋರಿದ್ದರೆ ಕತೆ ಬೇರೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲಿ ನೀರಿನ ಹಾಗೆ ಹರಿದು ತಗ್ಗಿನಲ್ಲಿ ಕೂರುತ್ತದೆ. ಮೇಲಿನ ಕಿಟಕಿ ತೆಗೆದರೆ ಸಾಲದು, ಬಾಗಿಲು ತೆಗೆದು ಕೆಳಗಿನಿಂದ ಹೊರಗೆ ಬಿಡಬೇಕು. ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ಎರಡರಲ್ಲೂ ಕಿಡಿ ಇದೆ. 1906ಕ್ಕೆ ಫೋನ್ ಮಾಡಿ, ಆದರೆ ಮನೆಯಿಂದ ಹೊರಗೆ ಬಂದು ಮಾಡಿ.

ಹೋಂಸ್ಟೇ ನಡೆಸುವವಳು

ಕಾರ್ಬನ್ ಮೊನಾಕ್ಸೈಡ್ ಅಂದ ಕೂಡಲೇ ನನಗೆ ಎದೆ ಧಸಕ್ ಅಂತು. ನಮ್ಮಲ್ಲಿ ಡಿಸೆಂಬರ್ ಚಳಿಗೆ ಗೆಸ್ಟ್‌ಗಳು ಕ್ಯಾಂಪ್‌ಫೈರಿನ ಕೆಂಡವನ್ನು ಬಾಣಲೆಯಲ್ಲಿ ರೂಮಿಗೆ ತಗೊಂಡು ಹೋಗಿದ್ದರು. ಬೆಳಿಗ್ಗೆ ನಮ್ಮ ಹುಡುಗಿ ಟೀ ಕೊಡಲು ಹೋಗಿ ಬಾಗಿಲು ಬಡಿದಳು. ತಲೆನೋವು, ವಾಂತಿ. ಅವರು ರಾತ್ರಿಯ ಊಟ ಸರಿಯಿಲ್ಲ ಅಂದರು! ನಾನೂ ಪಾಪ ಹಾಗೇ ನಂಬಿ ಹಂದಿ ಕರಿಯನ್ನು ಬೈದುಕೊಂಡೆ. ಗೊತ್ತಿದ್ದ ಡಾಕ್ಟರ್ ಕೇಳಿದ ಮೇಲೆ ಕೆಂಡ ನೆನಪಾಯಿತು.

ಈಗ ಗ್ಯಾಸ್ ಗೀಸರ್ ಎಲ್ಲ ಬಾತ್‌ರೂಮಿನ ಹೊರಗೆ ಹಾಕಿಸಿದ್ದೇನೆ. ಕೆಂಡ ಒಳಗೆ ಬೇಡ ಅಂತ ಬೋರ್ಡ್ ಇದೆ. ಬೋರ್ಡ್ ಓದುವವರು ಯಾರು ಹೇಳಿ, ನಾನೇ ರಾತ್ರಿ ಹೋಗಿ ನೀರು ಹೊಯ್ದು ಬರುತ್ತೇನೆ.

ಸೋಮವಾರಪೇಟೆ ಕಡೆಯವನು

ಹಂದಿ ಕರಿಗೆ ಕ್ಷಮೆ ಕೇಳಿದಿರಾ?

ಹಳೇ ಫೈರ್‌ಮ್ಯಾನ್, ಕುಶಾಲನಗರ

ಈಗ ಪೊನ್ನಂಪೇಟೆ ಹುಡುಗನಿಗೆ. ತಮ್ಮ, ನಿನ್ನನ್ನು ಎಲ್ಲರೂ ಗೇಲಿ ಮಾಡಿದರು, ನಾನು ಮಾಡಲ್ಲ. ಥರ್ಮಲ್ ಕ್ಯಾಮೆರಾ ಒಳ್ಳೆಯ ವಸ್ತು. ಹೊಗೆಯಲ್ಲಿ ಬಿದ್ದ ಮನುಷ್ಯನನ್ನು ತೋರಿಸುತ್ತದೆ. ನಮ್ಮ ಕಾಲದಲ್ಲಿ ಗೋಡೆ ತಡವಿಕೊಂಡು ಹೋಗುತ್ತಿದ್ದೆವು. ಡ್ರೋನ್ ಬೇಸಿಗೆಯ ಕಾಡ್ಗಿಚ್ಚಿಗೆ ಆಗಬಹುದು. ಜುಲೈ ತಿಂಗಳ ಮಳೆ ಮಂಜಿಗೆ ಆಗದು. ನೆಟ್‌ವರ್ಕ್ ಇಲ್ಲದ ಕಡೆ ವೈರ್‌ಲೆಸ್ ಸೆಟ್ಟೇ ಗತಿ. ಮತ್ತೆ, ದುಡ್ಡಿಲ್ಲದೆ ಸಿಗುವುದೂ ಇದೆ. ಭಾರತೀಯ ಅರಣ್ಯ ಸಮೀಕ್ಷೆಯವರು ಉಪಗ್ರಹದಿಂದ ಕಾಡಿನ ಬೆಂಕಿ ಕಂಡರೆ ಮೊಬೈಲ್‌ಗೆ ಸಂದೇಶ ಕಳಿಸುತ್ತಾರೆ. ಯಾರು ಬೇಕಾದರೂ ನೋಂದಾಯಿಸಬಹುದು. ನಿಮ್ಮೂರಿನ ಎಷ್ಟು ಜನ ಮಾಡಿದ್ದಾರೆ ಹೇಳು?

ಇನ್ನೊಂದು ಆಧುನಿಕ ಸಂಗತಿ ಹೇಳುತ್ತೇನೆ, ಇದಕ್ಕೆ ಬೇಕಾಗುವುದು ಬರೀ ಸೋಪು. ನಾವು ಬೆಂಕಿಯಿಂದ ಬಂದ ಮಸಿ ಕೋಟನ್ನು ತೊಳೆಯುತ್ತಿರಲಿಲ್ಲ. ಕಪ್ಪಾದಷ್ಟೂ ಸೀನಿಯರ್ ಅಂತ ಹೆಮ್ಮೆ. ಅದನ್ನೇ ಹಾಕಿಕೊಂಡು ಟೀ ಕುಡಿಯುತ್ತಿದ್ದೆವು, ಗಾಡಿಯ ಸೀಟಿನಲ್ಲಿ ಇಡುತ್ತಿದ್ದೆವು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ, ಬೆಂಕಿ ಆರಿಸುವ ಕೆಲಸವೇ ಕ್ಯಾನ್ಸರ್ ತರಬಲ್ಲದ್ದು ಅಂತ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಇರುವ ಗುಂಪು ಅದು. ನನ್ನ ಜೊತೆ ಸೇರಿದವರಲ್ಲಿ ಇಬ್ಬರು ಈಗಿಲ್ಲ. ಅದರಿಂದಲೇ ಹೋದರು ಅಂತ ನಾನು ಹೇಳಲಾರೆ. ಆದರೆ ಆ ಕೋಟುಗಳು ಕಣ್ಣ ಮುಂದೆ ಬರುತ್ತವೆ.

ನಿವೃತ್ತ ಸುಬೇದಾರ್, ವಿರಾಜಪೇಟೆ

ಏಣಿಯ ವಿಷಯ ಯಾರೂ ಎತ್ತಲಿಲ್ಲ. ಮೆಣಸು ಕುಯ್ಯುವ ಅಲ್ಯೂಮಿನಿಯಂ ಏಣಿ. ತಿರುಗಿಸುವಾಗ ಕರೆಂಟ್ ಲೈನಿಗೆ ತಾಗಿದರೆ ಮುಗಿಯಿತು. ನಮ್ಮ ಕಡೆ ಒಬ್ಬನನ್ನು ಬಿಡಿಸಲು ಹೋದವನೂ ಹೋದ. ಅಣ್ಣ ತಮ್ಮಂದಿರು.

ಆಂಬುಲೆನ್ಸ್ ಸಿಸ್ಟರ್

ಸುಬೇದಾರ್ ಸಾರ್, ಅದು ನನಗೂ ಗೊತ್ತಿರುವ ಬಗೆಯ ಸಾವು. ಲೈನ್ ಆಫ್ ಆಗಿದೆ ಅಂತ ಕರೆಂಟ್ ಕಂಪನಿ ಸೆಸ್ಕ್‌ನವರು ಹೇಳುವ ತನಕ ಹತ್ತಿರ ಹೋಗಬಾರದು. 1912ಕ್ಕೆ ಮೊದಲು ಫೋನ್. ದೊಡ್ಡ ಲೈನಿಗೆ ಒಣಗಿದ ಕೋಲು, ಹವಾಯಿ ಚಪ್ಪಲಿ ಯಾವುದೂ ಆಗುವುದಿಲ್ಲ. ಸುತ್ತಲಿನ ನೆಲದಲ್ಲೂ ಕರೆಂಟ್ ಇರುತ್ತದೆ. ಹತ್ತಿರ ಸಿಕ್ಕಿಹಾಕಿಕೊಂಡಿದ್ದರೆ ಹೆಜ್ಜೆ ಎತ್ತದೆ, ಎರಡೂ ಪಾದ ಜೋಡಿಸಿಕೊಂಡು ಎಳೆಯುತ್ತ ಹಿಂದೆ ಸರಿಯಿರಿ. ಆಫ್ ಆದ ಮೇಲೆ ಉಸಿರು ಇಲ್ಲದಿದ್ದರೆ ಎದೆಯ ಮಧ್ಯೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಇಳಿಯುವ ಹಾಗೆ ಒತ್ತಬೇಕು. ಒಬ್ಬರು ಎರಡು ನಿಮಿಷ, ಆಮೇಲೆ ಇನ್ನೊಬ್ಬರು. ಇದನ್ನು ಓದಿ ಕಲಿಯಲು ಆಗಲ್ಲ. ದಿಂಬಿನ ಮೇಲೆ ಮಾಡಿಸಿ ತೋರಿಸುತ್ತೇನೆ, ಕರೆಯಿರಿ.

ನಾಪೋಕ್ಲು ತೋಟದವ

ಕರೆಯುತ್ತಿದ್ದೇನೆ ಸಿಸ್ಟರ್.

ನಿನ್ನೆ ಟೇಪು ಹಿಡಿದು ನಮ್ಮ ಗೇಟ್ ಅಳೆದೆ. ಪಕ್ಕದ ತೋಟದ್ದನ್ನು ಬೈದುಕೊಂಡು ತಿರುಗುತ್ತಿದ್ದೆನಲ್ಲ, ನಮ್ಮದೇ 7 ಅಡಿ 10 ಅಂಗುಲ. ಠಾಣೆಗೆ ಹೋಗಿ ಅವರ ಗಾಡಿ ಅಳೆದೆ. ಕನ್ನಡಿ ಬಿಟ್ಟು 8 ಅಡಿ 2 ಅಂಗುಲ. ನಾಲ್ಕು ಅಂಗುಲಕ್ಕೆ ಮನೆ ಹೋಗುತ್ತದೆ. ಕಂಬ ಅಜ್ಜ ಹಾಕಿಸಿದ್ದು, ತೆಗೆಯಬೇಡ ಅಂತ ಅಣ್ಣ ಪಟ್ಟು ಹಿಡಿದಿದ್ದಾನೆ. ಎರಡು ದಿನ ಮಾತಿಲ್ಲ.

ಮನವಿ ಪತ್ರದಲ್ಲಿ ಎರಡು ಸಾಲು ಸೇರಿಸಿದೆವು. ಗಾಡಿ ಕೊಡಿ ಅನ್ನುವುದರ ಜೊತೆಗೆ ತರಬೇತಿ ಕೊಡಿ, ಠಾಣೆಯಲ್ಲಿ ಖಾಲಿ ಇರುವ ಹುದ್ದೆ ತುಂಬಿ ಅಂತ. ಜನ ಇಲ್ಲದೆ ಗಾಡಿ ಒಂದೇ ಏನು ಮಾಡುತ್ತದೆ?

ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಕಣದಲ್ಲಿ ಸೇರೋಣ ಅಂತ. ಪಂಪು ಸ್ಟಾರ್ಟ್ ಮಾಡಿ ನೋಡುವುದು, ಸಿಸ್ಟರ್ ಹೇಳಿಕೊಡುವುದು.

ಹಳೇ ಫೈರ್‌ಮ್ಯಾನ್, ಕುಶಾಲನಗರ

ಬರುತ್ತೇನೆ. ನಿಮ್ಮ ಅಣ್ಣನಿಗೆ ಹೇಳಿ, ಎರಡೂ ಕಂಬ ತೆಗೆಯಬೇಕಿಲ್ಲ. ಒಂದನ್ನು ಎರಡು ಅಡಿ ಸರಿಸಿ ನೆಟ್ಟರೆ ಸಾಕು. ಅಜ್ಜನ ಕಲ್ಲು ಅಜ್ಜನದ್ದೇ ಇರುತ್ತದೆ. ರಸ್ತೆಯಿಂದ ತಿರುಗುವ ಕಡೆಯದನ್ನೇ ಸರಿಸಿ, ಗಾಡಿಯ ಹಿಂಭಾಗ ಅಲ್ಲೇ ಉಜ್ಜುವುದು.

ಲೈನ್ ಮನೆಯಿಂದ, ಸಿದ್ದಾಪುರ

ಭಾನುವಾರ ಹತ್ತು ಗಂಟೆ ನಮಗೆ ಆಗುವುದಿಲ್ಲ. ವಾರದ ಬಟ್ಟೆ, ಸಂತೆ, ಎಲ್ಲ ಅವತ್ತೇ. ಸಂಜೆ ಇಟ್ಟರೆ ನಿಮ್ಮ ಲೈನಿನವರೂ ಬರುತ್ತಾರೆ, ನಾನೂ ಗಂಡನನ್ನು ಕರಕೊಂಡು ಬಸ್ ಹತ್ತುತ್ತೇನೆ. ಕತ್ತಲಾದ ಮೇಲೆ ಪಂಪು ಸ್ಟಾರ್ಟ್ ಮಾಡಿ ನೋಡುವುದೂ ಒಳ್ಳೆಯದೇ ಅಲ್ವಾ, ಬೆಂಕಿ ಬೆಳಿಗ್ಗೆ ಹತ್ತಕ್ಕೇ ಬೀಳುತ್ತದಾ?

ನಾಪೋಕ್ಲು ತೋಟದವ

ಸಂಜೆ ಆರೂವರೆ. ವಾಪಸ್ ಬಿಡಲು ಜೀಪು ಇರುತ್ತದೆ. ಟಾರ್ಚು ತನ್ನಿ.